ನೀರು ಒಳಗೆ ಬಿಡದ ಬಾಟ್ಲಿ

ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮತ್ತೆ ಈ ಮನೆಯ ಕೆಲಸಗಳನ್ನು ಒಂದೊಂದಾಗಿ ತೋರಿಸಿಕೊಟ್ಟರು. ರಾಗಿಹಿಟ್ಟಿನ ಡಬ್ಬ ಯಾವುದು, ಹಸುವಿಗೆ ಬೂಸಾ ಎಷ್ಟು ಹಾಕಬೇಕು, ಹಾಲಿನ ಕ್ಯಾನು ಡೈರಿಗೆ ಎಷ್ಟು ಹೊತ್ತಿಗೆ ಹೋಗಬೇಕು. ಎಲ್ಲ ಆದ ಮೇಲೆ ಒಂದು ಮಧ್ಯಾಹ್ನ ನಡುಮನೆಗೆ ಕರೆದು, ಗೋಡೆಯ ಗೂಡಿನಿಂದ ಮಾವನ ಬ್ರಾಂದಿ ಬಾಟ್ಲಿ ಇಳಿಸಿದರು. ಅದರ ಮೈಮೇಲೆ ಅಡ್ಡಲಾಗಿ ಒಂದು ಸುಣ್ಣದ ಗೆರೆ ಇತ್ತು.

"ಈ ಗೆರೆಗೆ ಸರ್ಯಾಗಿ ನಿಲ್ಬೇಕು ಕಣವ್ವ. ಒಂದ್ ಕೂದ್ಲೆಳೆ ಮೇಲೂ ಬ್ಯಾಡ, ಕೆಳ್ಗೂ ಬ್ಯಾಡ" ಅಂದರು.

ಮಾವ ದಿನಾ ಸಂಜೆ ಕುಡಿದು, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಳ್ಳುವವರು. ಎಲೆಗೆ ಸವರಿ ಉಳಿದ ಸುಣ್ಣವನ್ನು ಬೆರಳ ತುದಿಯಿಂದ ಬಾಟ್ಲಿಗೆ ಎಳೆದು, ಎಲ್ಲಿಯ ತನಕ ಉಳಿದಿದೆ ಎಂದು ಗುರುತು ಮಾಡಿ ಗೂಡಿಗೆ ಇಡುತ್ತಿದ್ದರು. ಹೆಂಗಸರು ಚೆಲ್ಲಿಬಿಟ್ಟಾರೆಂಬ ಅನುಮಾನ. ಅಳತೆ ನೋಡುವುದು ಅವರಿಗೆ ಗೊತ್ತಿತ್ತು, ರುಚಿ ನೋಡುವ ನಾಲಿಗೆ ಯಾವತ್ತೋ ಸತ್ತಿತ್ತು. ಅತ್ತೆ ಹಿಡಿದಿದ್ದು ಅದೇ ದಾರಿಯನ್ನು. ಮಾವ ಹೊಲದ ಕಡೆ ಹೋದ ಮೇಲೆ ಬಾಟ್ಲಿಯಲ್ಲಿದ್ದುದರಲ್ಲಿ ಒಂದಿಷ್ಟನ್ನು ಹಿತ್ತಲ ನುಗ್ಗೆ ಮರದ ಬುಡಕ್ಕೆ ಚೆಲ್ಲಿ, ತೆಳ್ಳಗೆ ಕಾಯಿಸಿ ಬಟ್ಟೆಯಲ್ಲಿ ಸೋಸಿದ ಟೀ ನೀರನ್ನು ಗೆರೆಯ ತನಕ ತುಂಬಿಸುವುದು. ಬಣ್ಣಕ್ಕೆ ಬಣ್ಣ, ಅಳತೆಗೆ ಅಳತೆ.

ನೀರು ಬೆರೆಸಿದ್ದನ್ನು ಕುಡಿದರೆ ಮಾವ ಒಂದು ಗಳಿಗೆ ಬೈದು ಮಲಗಿಬಿಡುತ್ತಿದ್ದರು. ಬೆರೆಸದ್ದನ್ನು ಕುಡಿದರೆ ಕೈ ಏಳುತ್ತಿತ್ತು. ಅದೂ ಅತ್ತೆಯ ಮೇಲೆ ಮಾತ್ರ. ನನ್ನನ್ನು ಒಂದು ದಿನವೂ ಮುಟ್ಟಿದವರಲ್ಲ, ಹಸುಗಳ ಮೇಲೆ ಕೂಡ ಕೋಲೆತ್ತಿದವರಲ್ಲ.

"ಕುಡ್ದಾಗ ಅವ್ರಿಗೆ ಗ್ಯಾನ ಇರಕಿಲ್ಲ ಕಣವ್ವ. ಬೆಳಿಗ್ಗೆ ಎದ್ರೆ ಒಂದೂ ಗೊತ್ತಿರಕಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಮಾಡೋ ಮನುಸ ಅಲ್ಲ" ಎಂದು ಅತ್ತೆ ಹೇಳುತ್ತಿದ್ದರು. ಬಾಟ್ಲಿಗೆ ನೀರು ಹೊಯ್ಯುವಾಗಲೆಲ್ಲ ಈ ಮಾತು ಬರುತ್ತಿತ್ತು. ಸಂತೆಬಾಚಹಳ್ಳಿಯ ತವರಿನಿಂದ ಅವರು ಹೊತ್ತು ತಂದ ಪಾತ್ರೆ ಪಡಗವೆಲ್ಲ ತೂತು ಬಿದ್ದು ಹೋಗಿದ್ದವು. ಈ ಒಂದು ಮಾತು ಮಾತ್ರ ಗಟ್ಟಿಯಾಗಿ ಉಳಿದಿತ್ತು.

ಬೆಳಗಿನ ಮಾವನನ್ನು ನೋಡಿದವರಿಗೆ ಆ ಮಾತು ನಿಜವೆನಿಸುತ್ತಿತ್ತು. ಯಾರ ಮನೆಯ ಹಸು ಕರು ಹಾಕಲಾರದೆ ಒದ್ದಾಡುತ್ತಿದ್ದರೂ ಕರೆ ಬಂದ ಕೂಡಲೇ ಎದ್ದು ಹೋಗುವರು. ಮರುಳು ಹಿಡಿದವರಂತೆ ಕರುವಿನ ಮೂತಿ ಒರೆಸಿ ಅದು ನಿಲ್ಲುವ ತನಕ ಅಲ್ಲೇ ಕೂರುವರು. ದೇವಲಾಪುರದ ಆಚೀಚೆಯ ಹಳ್ಳಿಗಳಲ್ಲೆಲ್ಲ ಒಳ್ಳೆಯ ಹೆಸರು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಯಾರನ್ನು ನೋಡಿ ಹುಟ್ಟಿದ ಗಾದೆಯೋ, ನನಗಂತೂ ಅದನ್ನು ಬೇರೆ ಕಡೆ ಹುಡುಕುವ ಅಗತ್ಯ ಬೀಳಲಿಲ್ಲ.

ನನ್ನ ಗಂಡನಿಗೆ ಪಾಂಡವಪುರದಲ್ಲಿ ಒಂದು ಕಚೇರಿಯ ಕೆಲಸ. ಅಲ್ಲೇ ರೂಮು ಮಾಡಿಕೊಂಡು ಶನಿವಾರ ಸಂಜೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಿದ್ದರು. ಆ ಎರಡು ಸಂಜೆ ಬಾಟ್ಲಿ ಗೂಡಿನಿಂದ ಇಳಿಯುತ್ತಲೇ ಇರಲಿಲ್ಲ. "ಮಗ ಬಂದವ್ನೆ ಅಂತ ಸಂತೋಸ, ಅದ್ಕೇ ಬ್ಯಾಡ ಅನ್ನಿಸ್ತದೆ" ಎಂದು ಅತ್ತೆ ಖುಷಿ ಪಡುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನ ತವರು ಪಾಲಹಳ್ಳಿ. ಹಿತ್ತಲ ಬಾಗಿಲು ತೆಗೆದರೆ ನಾಲೆಯ ನೀರು ಕಾಣುವ ಊರು. ನೀರಿರುವ ಊರಿನಿಂದ ನೀರಿಗೆ ಬಾಯಿಬಿಡುವ ಊರಿಗೆ ಬಂದು, ನೀರು ಬೆರೆಸುವುದೇ ನನ್ನ ಕೆಲಸವಾಯಿತು ಎಂದು ಎಷ್ಟೋ ಸಲ ನನ್ನಷ್ಟಕ್ಕೆ ನಗು ಬಂದಿದೆ. ಆಮೇಲೆ ನಗುವುದಕ್ಕೂ ಆಗಲಿಲ್ಲ. ಅತ್ತೆಯ ಕಣ್ಣಿಗೆ ಪೊರೆ ಬಂತು. ಸುಣ್ಣದ ಗೆರೆ ಅವರಿಗೆ ಕಾಣದಾಯಿತು. ಆವತ್ತಿನಿಂದ ನಾನು ಒಂದು ರಾತ್ರಿಯೂ ಈ ಮನೆ ಬಿಟ್ಟು ಹೊರಗೆ ಉಳಿಯುವ ಹಾಗಿರಲಿಲ್ಲ. ಕೆ.ಆರ್. ಪೇಟೆಯಲ್ಲಿ ತಂಗಿಯ ಮದುವೆಗೆ ಹೋಗಿ, ಅಮ್ಮ ಅತ್ತಳೆಂದು ಒಂದು ದಿನ ಹೆಚ್ಚು ನಿಂತೆ. ಬಂದು ನೋಡಿದರೆ ಅತ್ತೆಯ ಒಂದು ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. "ಮದ್ವೆ ಚೆನ್ನಾಗಾಯ್ತೇನವ್ವ?" ಎಂದು ಕೇಳಿದರು. ಆಮೇಲೆ ತವರಿನಿಂದ ಯಾರು ಕರೆದರೂ ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ಬರುವುದು ರೂಢಿಯಾಯಿತು. ಕೊಟ್ಟ ಮನೆಯ ಮೇಲೆ ನಿಮ್ಮ ಮಗಳಿಗೆ ಎಷ್ಟು ಆಸೆ ನೋಡಿ ಎಂದು ನೆಂಟರು ಅಮ್ಮನಿಗೆ ಹೇಳುತ್ತಿದ್ದರಂತೆ. ನನಗೆ ಮೈ ಉರಿಯುತ್ತಿತ್ತು.

ಆ ಉರಿಯಲ್ಲೇ ಇರಬೇಕು, ನಾನು ನೀರನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋದೆ. ಬೈಗುಳವೂ ನಿಲ್ಲಲಿ ಎಂಬ ದುರಾಸೆ. ಕೊನೆಕೊನೆಗೆ ಮಾವ ಕುಡಿಯುತ್ತಿದ್ದುದು ಬ್ರಾಂದಿಯ ವಾಸನೆ ಇದ್ದ ತಣ್ಣನೆಯ ಟೀ. ಅವರು ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ದೂರು ಹೇಳತೊಡಗಿದರು. "ಈಗಿನ್ ಎಣ್ಣೇಲಿ ಏನೂ ಇಲ್ಲ ಕಣ್ಲಾ. ಅಂಗಡಿ ನನ್ಮಕ್ಳು ನೀರು ಬೆರಸ್ಬುಟ್ಟು ಮಾರ್ತಾವ್ರೆ."

ಒಂದು ದಿನ ನಾಗಮಂಗಲಕ್ಕೇ ಹೋಗಿ ಅಂಗಡಿಯವನ ಕೊರಳಪಟ್ಟಿ ಹಿಡಿದರಂತೆ. ಅವನು ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರೂ ನಂಬಲಿಲ್ಲ. ಕೊನೆಗೆ ಅವನು ಜಾಸ್ತಿ ಬೆಲೆಯ ಬೇರೆ ಬಾಟ್ಲಿ ಮುಂದಿಟ್ಟು, "ಇದ್ನ ತಕೊಂಡೋಗಿ ಗೌಡ್ರೆ. ಇದಕ್ಕೆ ನಾನಲ್ಲ, ನಮ್ಮಪ್ಪ ಬಂದ್ರೂ ನೀರು ಬೆರೆಸಕ್ಕಾಗಕಿಲ್ಲ" ಅಂದನಂತೆ.

ಆ ಸಂಜೆ ಮಾವ ನಮ್ಮಿಬ್ಬರನ್ನೂ ನಡುಮನೆಗೆ ಕರೆದು ಕೂರಿಸಿ ಬಾಟ್ಲಿ ತೋರಿಸಿದರು. ಹೊಸ ಕರು ಕೊಂಡು ತಂದವರ ಹಾಗೆ ಮುಖ ಅರಳಿತ್ತು. ಅದರ ಕತ್ತಿನೊಳಗೆ ಬಿಳಿಯ ಪ್ಲಾಸ್ಟಿಕ್ಕಿನ ಬಿರಡೆ, ಅದರೊಳಗೆ ಒಂದು ಪುಟ್ಟ ಗಾಜಿನ ಗೋಲಿ. ಬಗ್ಗಿಸಿದರೆ ಗೋಲಿ ಟಿಕ್ಕೆಂದು ಮುಂದೆ ಸರಿದು ದಾರಿ ಬಿಡುತ್ತದೆ. ನೆಟ್ಟಗೆ ಇಟ್ಟರೆ ತನ್ನ ಗುಣಿಗೆ ಕೂತು ದಾರಿ ಮುಚ್ಚುತ್ತದೆ. ಮಾವ ಚೊಂಬಿನಿಂದ ಬಾಟ್ಲಿಯ ಬಾಯಿಗೆ ನೀರು ಹೊಯ್ದರು. ಅಷ್ಟೂ ನೀರು ಹೊರಗೇ ಹರಿದು ಚಾಪೆ ನೆನೆಯಿತು, ಒಂದು ತೊಟ್ಟೂ ಒಳಗೆ ಇಳಿಯಲಿಲ್ಲ.

"ಇನ್ ಯಾವನು ಬೆರಸ್ತಾನೋ ಬೆರಸ್ಲಿ!" ಎಂದು ತೊಡೆ ತಟ್ಟಿಕೊಂಡರು.

ಅತ್ತೆ ಸೆರಗಿನಿಂದ ಚಾಪೆ ಒರೆಸಿದರು. ನನಗೆ ಮೊದಲು ನಗು ಉಕ್ಕಿ ಬಂತು. ಅಂಗಡಿಯವನು ಪಾಪ, ಅವನ ತಪ್ಪೇನೂ ಇರಲಿಲ್ಲ. ನಾವೇ ನೀರು ಬೆರೆಸಿ ಬೆರೆಸಿ ಈ ಗೋಲಿಯನ್ನು ಮನೆಗೆ ಕರೆದುಕೊಂಡಿದ್ದೆವು. ಆಮೇಲೆ ಅತ್ತೆ ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿರುವುದು ಕಂಡು ನಗು ನಿಂತುಹೋಯಿತು.

ಮರುದಿನದಿಂದ ಮಧ್ಯಾಹ್ನಗಳೆಲ್ಲ ಆ ಬಾಟ್ಲಿಯ ಜೊತೆಗಿನ ಗುದ್ದಾಟವೇ ಆಯಿತು. ಒಳಗಿದ್ದುದನ್ನು ಹೊರಗೆ ಚೆಲ್ಲುವುದಕ್ಕೆ ಏನೂ ಕಷ್ಟವಿರಲಿಲ್ಲ. ಚೆಲ್ಲಿದ ಮೇಲೆ ಗೆರೆ ತನಕ ತುಂಬಿಸುವುದು ಹೇಗೆ? ಅಡ್ಡ ಮಲಗಿಸಿ ಹೊಯ್ದೆ, ಓರೆ ಹಿಡಿದು ಹೊಯ್ದೆ. ಹಸುವಿಗೆ ಚುಚ್ಚಿ ಬಿಟ್ಟುಹೋಗಿದ್ದ ಸಿರಿಂಜು ತೊಳೆದು ತಂದೆ. ಸೂಜಿ ಗೋಲಿಯ ತನಕ ಹೋಗಿ ಬಾಗಿತು. ಬಿಸಿನೀರಿನಲ್ಲಿ ಕತ್ತು ಅದ್ದಿ, ಚಾಕುವಿನ ತುದಿಯಿಂದ ಬಿರಡೆ ಮೀಟಿದರೆ ಪ್ಲಾಸ್ಟಿಕ್ಕಿನ ಅಂಚು ಕಿತ್ತು ಗಾಯವಾಯಿತೇ ಹೊರತು ಕದಲಲಿಲ್ಲ. ಹೊರಗೆ ಹೋಗುವುದಕ್ಕೆ ಇಷ್ಟು ಸುಲಭವಾಗಿ ದಾರಿ ಬಿಟ್ಟು, ಒಳಗೆ ಬರುವುದಕ್ಕೆ ಇಷ್ಟು ಹಟ ಹಿಡಿಯುವ ವಸ್ತುವನ್ನು ಯಾವ ಪುಣ್ಯಾತ್ಮ ಕೂತು ಯೋಚಿಸಿದನೋ! ಅವನ ಮನೆಯ ಹೆಂಗಸರನ್ನು ಒಂದು ಸಲ ನೋಡಬೇಕು ಅನ್ನಿಸಿತು. ಒಂದು ಬಾಟ್ಲಿಯನ್ನು ಬೇಕೆಂದೇ ಕೈಜಾರಿಸಿ ಒಡೆದೂ ನೋಡಿದೆ. ಮಾವ ಅದೇ ಸಂಜೆ ಇನ್ನೊಂದು ತಂದರು. ಆವತ್ತು ಎಂದಿಗಿಂತ ಹೆಚ್ಚು ಕುಡಿದರು.

ಅತ್ತೆ ಮೊದಲು ಬೆನ್ನು ಹಿಡಿದುಕೊಂಡು ಓಡಾಡಿದರು. ಆಮೇಲೆ ತಲೆಗೆ ಸೆರಗು ಹೊದ್ದುಕೊಂಡು. ನಾನು ಮಧ್ಯೆ ಹೋದರೆ, "ನೀ ಒಳಿಕ್ ಓಗವ್ವ" ಎಂದು ಅವರೇ ನನ್ನನ್ನು ತಳ್ಳಿ ಬಾಗಿಲು ಎಳೆದುಕೊಳ್ಳುತ್ತಿದ್ದರು. ಕೊನೆಗೆ ಒಂದು ದಿನ ಅವರ ಎಡಗೈ ಮಣಿಕಟ್ಟು ಮುರಿಯಿತು. ನಾಗಮಂಗಲದ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದಾಗ, ಅತ್ತೆ ಕಣ್ಣು ಮಿಟುಕಿಸದೆ "ಕೊಟ್ಗೇಲಿ ಜಾರ್ದೆ ಸ್ವಾಮಿ" ಅಂದರು. ಡಾಕ್ಟರು ನನ್ನ ಮುಖ ನೋಡಿದರು. ನನ್ನ ಕೈಯನ್ನು ಅತ್ತೆ ಬಲಗೈಯಲ್ಲಿ ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಬಳೆ ಒತ್ತಿ ಗುರುತು ಮೂಡಿತು.

ಶನಿವಾರ ಗಂಡನಿಗೆ ಎಲ್ಲ ಹೇಳಿದೆ. ನೀರು ಬೆರೆಸುತ್ತಿದ್ದುದರಿಂದ ಹಿಡಿದು ಮಣಿಕಟ್ಟಿನ ತನಕ. ಅವರು ತಲೆ ತಗ್ಗಿಸಿ ಕೇಳಿದರು. "ನಮ್ಮಪ್ಪಂಗೆ ಕುಡ್ದಾಗ ಗ್ಯಾನ ಇರಕಿಲ್ಲ. ಬೆಳಿಗ್ಗೆ ಕೇಳುದ್ರೆ ಪಾಪ ಒಂದೂ ಗೊತ್ತಿರಕಿಲ್ಲ. ಗೊತ್ತಿಲ್ದೋರ ಹತ್ರ ಏನ್ ಜಗಳ ಆಡಾನ, ಬುಡು" ಅಂದರು. ಅತ್ತೆಯ ಮಾತನ್ನೇ ಅತ್ತೆಯ ಮಗ ಹೇಳುತ್ತಿದ್ದರು, ಹಾಲಿನ ಜೊತೆ ಕುಡಿದು ಬೆಳೆದ ಮಾತು. ನನಗೆ ಆ ಹೊತ್ತು ಈ ಮನೆಯಲ್ಲಿ ಒಂದು ಕಿಟಕಿಯೂ ಇಲ್ಲ ಅನ್ನಿಸಿತು.

ಸೋಮವಾರ ಮೊದಲ ಬಸ್ಸು ಹೋಯಿತು. ಮಾವ ಹಾಲು ಕರೆದು ಬಂದು ನುಗ್ಗೆ ಮರದ ಕೆಳಗೆ ಕೂತು, ಕಳಚಿದ್ದ ಹಾಲಿನ ಕ್ಯಾನಿನ ಹಿಡಿಗೆ ತಂತಿ ಸುತ್ತುತ್ತಿದ್ದರು. ಪಕ್ಕದಲ್ಲಿ ಕಟಿಂಗ್ ಪ್ಲೇಯರ್ ಇತ್ತು. ನಾನು ಕೊಟ್ಟಿಗೆಯ ಬಾಗಿಲಲ್ಲಿ ಬೂಸಾ ಕಲಸುತ್ತಿದ್ದೆ. ಆಗ ಅತ್ತೆ ಒಂದು ಕೈಯನ್ನು ಪಟ್ಟಿಯಲ್ಲಿ ಕೊರಳಿಗೆ ನೇತುಹಾಕಿಕೊಂಡು, ಇನ್ನೊಂದು ಕೈಯಲ್ಲಿ ಬಾಟ್ಲಿ ಹಿಡಿದು ನಡೆದು ಬಂದರು. ಬಂದವರೇ ಬಾಟ್ಲಿಯನ್ನು ಮಾವನ ಮುಂದೆ ಇಟ್ಟರು.

"ಇದ್ರೊಳ್ಗಿನ ಗೋಲಿ ಕಿತ್ಕೊಡಿ. ಇದ್ಕೆ ನೀರು ಉಯ್ಬೇಕು. ಇಷ್ಟ್ ದಿನ ಅಂಗಡಿಯೋನಲ್ಲ, ನಾನೇ ಉಯ್ತಿದ್ದುದ್ದು. ಈ ಬಾಟ್ಲೀಗೆ ಉಯ್ಯಕ್ಕಾಯ್ತಿಲ್ಲ."

‘ನಾನೇ’ ಅಂದರು. ನನ್ನ ಸುದ್ದಿ ಎತ್ತಲಿಲ್ಲ. ನಾನು ಬೂಸಾದ ಬಕೆಟ್ಟಿನಲ್ಲಿ ಕೈ ಹಾಗೇ ಇಟ್ಟುಕೊಂಡು, ಇನ್ನೇನು ಸಿಡಿಲು ಬೀಳುತ್ತದೆ ಎಂದು ಕಾದೆ.

ಮಾವ ಬಾಟ್ಲಿ ನೋಡಿದರು. ಪಟ್ಟಿ ಕಟ್ಟಿದ ಕೈಯನ್ನು ನೋಡಿದರು. ಪ್ಲೇಯರ್ ಎತ್ತಿಕೊಂಡು ಬಿರಡೆಯ ಅಂಚು ಕಚ್ಚಿ ಹಿಡಿದು ತಿರುಪಿದರು. ಕರ್ರೆಂದು ಸದ್ದಾಗಿ ಅದು ಕಿತ್ತು ಬಂತು. ಗೋಲಿ ಮಣ್ಣಿಗೆ ಬಿದ್ದು ಉರುಳಿತು, ಕೋಳಿಯೊಂದು ಓಡಿಬಂದು ಕುಕ್ಕಿ ನೋಡಿ ಬಿಟ್ಟಿತು. ಮಾವ ಬಾಟ್ಲಿಗೆ ಮುಚ್ಚಳ ಹಾಕಿ ಅತ್ತೆಯ ಕಾಲ ಬಳಿ ಇಟ್ಟು ಮತ್ತೆ ತಂತಿ ಹಿಡಿದರು.

"ಹಸಕ್ಕೆ ನೀರ್ ಇಟ್ಟಾಯ್ತೇನವ್ವ?" ಎಂದು ನನ್ನನ್ನು ಕೇಳಿದರು. ಅಷ್ಟೇ.

ನನಗೆ ಹಿಡಿಸಲಾರದ ಸಂತೋಷ. ನಾವು ಅಷ್ಟು ದಿನ ಹೆಣಗಿದ್ದು ಒಂದು ಮಾತಿಗೆ ಮುಗಿದುಹೋಗಿತ್ತು. ಕೈ ತೊಳೆದುಕೊಳ್ಳದೆ ಒಳಗೆ ಓಡಿದೆ. ಅತ್ತೆ ಒಲೆಯ ಮುಂದೆ ಬಾಟ್ಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಕಿತ್ಕೊಟ್ಬುಟ್ರಲ್ಲ ಅತ್ತೆ! ಬೈಲೂ ಇಲ್ಲ" ಅಂದೆ.

"ಯಾಕೆ ಅಂತ ಕೇಳ್ನಿಲ್ವಲ್ಲವ್ವ" ಅಂದರು.

"ಕೇಳ್ದೆ ಇದ್ದುದ್ದೇ ಒಳ್ಳೇದಾಯ್ತು, ಬುಡಿ."

ಅತ್ತೆ ತಲೆ ಅಲ್ಲಾಡಿಸಿದರು. "ಗ್ಯಾನ ಇಲ್ದೋರಾಗಿದ್ರೆ ಕೇಳ್ಬೇಕಿತ್ತು ಕಣವ್ವ. ನನ್ ಎಣ್ಣೆಗೆ ನೀನ್ಯಾಕಮ್ಮಿ ನೀರ್ ಉಯ್ದೆ ಅಂತ ಕೇಳ್ಬೇಕಿತ್ತು. ಈ ಕೈ ನೋಡುದ್ರು, ಸುಮ್ನಾದ್ರು."

ಮಗ ಮನೆಯಲ್ಲಿದ್ದ ಶನಿವಾರ ಭಾನುವಾರ ಗೂಡಿನಿಂದ ಇಳಿಯದ ಬಾಟ್ಲಿ ನನಗೆ ಆಗ ನೆನಪಾಯಿತು. ಅದನ್ನು ಹೇಳುವ ಅಗತ್ಯ ಇರಲಿಲ್ಲ, ಅವರೂ ಅದನ್ನೇ ನೋಡುತ್ತಿದ್ದರು ಅನ್ನಿಸುತ್ತದೆ. ಅಷ್ಟು ವರ್ಷ ಆ ಒಂದು ಮಾತಿನ ಮೇಲೆ ಸಂಸಾರ ಮಾಡಿದ್ದರು. ಇನ್ನು ಯಾವುದರ ಮೇಲೆ ಮಾಡಬೇಕು?

ಆಮೇಲಿನಿಂದ ಮಾವ ಹೊಸ ಬಾಟ್ಲಿ ತಂದರೆ ಗೋಲಿ ಕಿತ್ತೇ ಗೂಡಿಗೆ ಇಡುತ್ತಾರೆ. ನಾನು ಮಧ್ಯಾಹ್ನ ನೀರು ಬೆರೆಸುತ್ತೇನೆ. ಅವರ ಕೈ ಏಳುವುದು ನಿಂತಿದೆ. ಗಂಡ ಇದನ್ನು ಕೇಳಿ, ನೋಡಿದ್ಯಾ ನಮ್ಮಪ್ಪ ಎಂಥ ಮನುಷ್ಯ ಅಂದರು. ನಾನು ಎದ್ದು ಹೊರಗೆ ಹೋದೆ. ಕುಡಿಯುವುದನ್ನು ಬಿಡುವ ಮಾತು ಯಾರೂ ಎತ್ತಿಲ್ಲ. ಗ್ಯಾನದ ಮಾತನ್ನು ಅತ್ತೆ ಮತ್ತೆ ಆಡಿಲ್ಲ.

ಮೊನ್ನೆ ಮಧ್ಯಾಹ್ನ ಮಾತ್ರ ಅವರು, "ಇಲ್ ಕೊಡು, ನಾನ್ ಉಯ್ತೀನಿ" ಎಂದು ಕೈಚಾಚಿದರು. ಪಟ್ಟಿ ಬಿಚ್ಚಿದ್ದರೂ ಆ ಮಣಿಕಟ್ಟು ಇನ್ನೂ ಸೊಟ್ಟಗಿದೆ. ಗೆರೆ ಎಲ್ಲಿದೆ ಎಂದು ಅವರ ಬೆರಳು ಹಿಡಿದು ಮುಟ್ಟಿಸಿದೆ. ಅತ್ತೆ ಹೊಯ್ಯತೊಡಗಿದರು. ಗೆರೆ ಬಂತು, "ಸಾಕು ಅತ್ತೆ" ಅಂದೆ. ನಿಲ್ಲಿಸಲಿಲ್ಲ. ಗೆರೆ ದಾಟಿ, ಕತ್ತು ದಾಟಿ, ಬಾಟ್ಲಿ ತುಂಬಿ ನೀರು ನೆಲಕ್ಕೆ ಹರಿಯುವ ತನಕ ಹೊಯ್ದು, ಮುಚ್ಚಳ ಬಿಗಿದು, ತಡಕಾಡಿಕೊಂಡು ಹೋಗಿ ಅವರೇ ಗೂಡಿಗೆ ಇಟ್ಟು ಬಂದರು. "ಯಾಕೆ ಅಂತ ಈಗ್ಲಾದ್ರೂ ಕೇಳ್ತಾರೇನೋ ನೋಡಾನ" ಅಂದರು.

ಸಂಜೆ ಮಾವ ಬಾಟ್ಲಿ ಇಳಿಸಿದರು. ಬಾಯಿ ತನಕ ತುಂಬಿದ್ದನ್ನು ನೋಡಿದರು. ಏನೂ ಕೇಳಲಿಲ್ಲ. ಕುಡಿದು, ಊಟ ಮಾಡಿ, ಎಲೆಗೆ ಸವರಿ ಉಳಿದ ಸುಣ್ಣದಲ್ಲಿ ಹೊಸ ಗೆರೆ ಎಳೆದು ಗೂಡಿಗೆ ಇಟ್ಟರು. ಮರುದಿನ ಮಧ್ಯಾಹ್ನ ನಾನು ಆ ಗೆರೆಗೆ ಸರಿಯಾಗಿ ನೀರು ತುಂಬಿಸಿದೆ.