ಟೆಂಟಿನ ಹೊರಗೆ ಬಿಟ್ಟ ಬೂಟು

ಬೂಟಿನೊಳಗೆ ಕಾಲು ಹೋಗುತ್ತಲೇ ಇರಲಿಲ್ಲ. ಹಿಂದಿನ ದಿನ ಹಳ್ಳ ದಾಟುವಾಗ ನೆನೆದಿದ್ದ ಬೂಟು ಬೆಳಗ್ಗೆ ನೋಡಿದರೆ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ಟೆಂಟಿನ ಬಾಗಿಲ ಹೊರಗೆ ಅಚ್ಚುಕಟ್ಟಾಗಿ ಜೋಡಿಸಿ ಬಿಟ್ಟವಳು ನಾನೇ. ಮೆಟ್ಟು ಒಳಗೆ ತರಬಾರದೆಂದು ಮಂಡ್ಯದಲ್ಲಿ ಅಜ್ಜಿ ಬೆನ್ನಿಗೆ ಗುದ್ದಿ ಕಲಿಸಿದ ಪಾಠ, ಕ್ಯಾಲಿಫೋರ್ನಿಯಾದ ಹಿಮದ ಬೆಟ್ಟದಲ್ಲೂ ಕೈಬಿಟ್ಟಿರಲಿಲ್ಲ. ಬೇಟೆಗೆಂದು ಬಂದಿದ್ದ ಆಫೀಸಿನ ಜೊತೆಯವರೆಲ್ಲ ಬೂಟನ್ನು ಒಳಗಿಟ್ಟುಕೊಂಡೇ ಮಲಗಿದ್ದರು. ನನಗೆ ಹೇಳುವ ಬಾಯಿ ಒಬ್ಬರಿಗೂ ಇರಲಿಲ್ಲ! ಅವರು ಜಿಂಕೆ ಬೇಟೆಗೆ ಹೊರಟರು, ನಾನು ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತೆ.

ಸೊರೆಂಟೊ ವ್ಯಾಲಿಯ ನಮ್ಮ ಆಫೀಸಿನಲ್ಲಿ ಅದು ವರ್ಷವಿಡೀ ನಗೆಯ ಮಾತಾಯಿತು. ಬೇಟೆಯ ತಂಡ ಕಟ್ಟುವ ಡೇವ್, "ನೀವು ಇಂಡಿಯನ್ನರು ಸೊಪ್ಪು ತಿನ್ನುವವರಲ್ಲವೇ? ಈ ಸಲ ಕ್ಯಾಂಪಿನಲ್ಲಿ ಅಡುಗೆ ನೋಡಿಕೋ" ಎಂದ. ಮೈಯೆಲ್ಲ ಉರಿದುಹೋಯಿತು. ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡವಳು, ಗುರಿ ಕಲಿತವಳು ನಾನು. ಮಂಡ್ಯದವಳಿಗೆ ಮಾಂಸದ ಪಾಠ ಬೇರೆ ಇವನಿಂದ! ಈ ಸಲ ಬೆಟ್ಟ ಹತ್ತದಿದ್ದರೆ ನಾನು ಅಡುಗೆಯವಳಾಗಿಯೇ ಉಳಿಯುತ್ತಿದ್ದೆ.

ನಮ್ಮ ಮನೆಯಿರುವ ಮೀರಾ ಮೆಸಾದಲ್ಲಿ ಡಿಸೆಂಬರಿನಲ್ಲೂ ಹವಾಯಿ ಚಪ್ಪಲಿ ಸಾಕು. ಚಳಿಯ ಬೂಟು ಬೇಕೆಂದಾಗ ಅಂಗಡಿಯವನು ಜೊತೆಗೆ ಬಂದಿದ್ದ ನನ್ನ ಗಂಡ ಸುರೇಶನ ಕಾಲಿನ ಅಳತೆ ಕೇಳಿದ. "ಕಾಲು ನನ್ನದು, ಇತ್ತ ನೋಡಿ" ಎಂದೆ. ತಂದದ್ದು ಎಲ್ಲಕ್ಕಿಂತ ದಪ್ಪ ಬೆಚ್ಚನೆಯ ಪದರದ್ದು. ಅದು ಒಂದೇ ಕಡೆ ಕೂತು ಬೇಟೆ ಕಾಯುವವರಿಗೆ. ಹತ್ತುವವರ ಕಾಲು ಅದರಲ್ಲಿ ಬೆವರುತ್ತದೆ, ನಿಂತೊಡನೆ ಆ ಬೆವರೇ ತಣ್ಣಗಾಗಿ ಕಾಲು ಮರಗಟ್ಟುತ್ತದೆ. ಒಂದಾದ ಮೇಲೊಂದು ಹಾಕಿ ನೋಡಿದೆ.

"ಊರಿಗೊಂದು ದಾರಿಯಾದ್ರೆ ಪೋರಂಗೊಂದು ದಾರಿ ಅನ್ನೋ ಹಾಗಾಯ್ತು ನಿನ್ ಕಥೆ. ಯಾವ್ದೋ ಒಂದು ತಗೊಳ್ಳೇ," ಎಂದ ಸುರೇಶ.

"ನೀವು ಬಾಯ್ಮುಚ್ಕೊಂಡು ಆ ಬಾಕ್ಸ್ ಹಿಡ್ಕೊಳ್ರೀ!"

ಕೊನೆಗೆ ಹದವಾದ ಪದರದ, ನೀರಿಳಿಯದ ಜೋಡಿ ಸಿಕ್ಕಿತು. ದಪ್ಪ ಉಣ್ಣೆಯ ಕಾಲುಚೀಲ ಹಾಕಿದರೂ ಬೆರಳು ಆಡುತ್ತಿದ್ದವು, ಹಿಮ್ಮಡಿ ಮೇಲೇಳುತ್ತಿರಲಿಲ್ಲ.

ಈ ಸಲ ಟೆಂಟಿನಲ್ಲಿ ಬೂಟು ಒರೆಸಿ, ಚೀಲಕ್ಕೆ ಹಾಕಿ, ಮಲಗುವ ಸ್ಲೀಪಿಂಗ್ ಬ್ಯಾಗಿನೊಳಗೇ ಕಾಲ ಬಳಿ ಇಟ್ಟುಕೊಂಡೆ. ಕೈ ಹಿಂಜರಿಯಿತು. "ಬೈಬೇಡ ಅಜ್ಜೀ" ಎಂದು ಬೂಟು ಮುಟ್ಟಿದ ಕೈ ಕಣ್ಣಿಗೊತ್ತಿಕೊಂಡೆ. ಬೆಳಗ್ಗೆ ಡೇವ್‌ಗಿಂತ ಮೊದಲೇ ಲೇಸು ಕಟ್ಟಿ ನಿಂತಿದ್ದೆ. ಒಲೆಯ ಕಡೆ ತಿರುಗಿಯೂ ನೋಡದೆ ಅವರ ಜೊತೆ ಬೆಟ್ಟ ಹತ್ತಿದೆ. ಜಿಂಕೆ ಸಿಗಲಿಲ್ಲ, ಅದು ಬೇರೆ ಮಾತು.

ಮನೆಗೆ ಬಂದವಳೇ ಬೂಟು ಬಿಚ್ಚಿ ಬಾಗಿಲ ಹೊರಗಿಟ್ಟೆ. ಟೆಂಟಿನ ಕಥೆಯನ್ನೆಲ್ಲ ಫೋನಿನಲ್ಲೇ ಕೇಳಿದ್ದ ಮಗಳು ಇಂಚರಾ ಬಿದ್ದು ಬಿದ್ದು ನಕ್ಕಳು: "ಅಮ್ಮಾ, ಯು ಸ್ಲೆಪ್ಟ್ ವಿತ್ ದೆಮ್!"

"ಅದು ಟೆಂಟು ಕಣೇ, ಇದು ಮನೆ!"

"ಸೋ?"

ರೇಗಿ ಕೂಗಾಡಿದೆ. ಆಮೇಲೆ ಹೋಗಿ ಬೂಟನ್ನು ಬಿಸಿಲಿಗೆ ತಿರುಗಿಸಿಟ್ಟೆ, ಬಾಗಿಲ ಹೊರಗೇ. ಒಳಗೆ ತರಲು ಅಜ್ಜಿ ಬಿಡಳು, ಹೊರಗೆ ಬಿಡಲು ಬೆಟ್ಟ ಬಿಡದು.