ಕೆಂಪಾಂಬುಧಿಯ ಸಂದಿ

ಹಳೆಯ ಕ್ಯಾಲೆಂಡರಿನ ಹಾಳೆಗೆ ಒಂದು ವಾಸನೆಯಿರುತ್ತದೆ. ಒಂದಿಷ್ಟು ಅಂಟು, ಒಂದಿಷ್ಟು ಧೂಳು, ಬೀರುವಿನಲ್ಲಿ ಇಟ್ಟಿದ್ದರೆ ನುಸಿಗುಳಿಗೆ. ಹೋದ ಭಾನುವಾರ ಕಮಾಂಡರ್ ಅವರ ಮಗಳು ತೀರಿಹೋದ ತಂದೆಯ ಮನೆಯನ್ನು ಖಾಲಿ ಮಾಡುತ್ತಾ ಅಂಥದೊಂದು ಹಾಳೆಯನ್ನು ಸುರುಳಿ ಸುತ್ತಿ ತಂದು ನನ್ನ ಕೈಗಿಟ್ಟಳು. ಅದರ ಮೇಲೆ ನನ್ನ ಹೆಸರಿದೆಯಂತೆ, ಎಸೆಯಲು ಮನಸ್ಸು ಬರಲಿಲ್ಲವಂತೆ. ಬಿಡಿಸಿದೆ. ಮುಂಬದಿಯಲ್ಲಿ ಲಕ್ಷ್ಮಿ, ಏಕಾದಶಿ, ಸಂಕಷ್ಟಿ. ಹಿಂಬದಿಯಲ್ಲಿ ಪೆನ್ಸಿಲಿನ ನಕ್ಷೆ. ಎರಡು ದಂಡೆಗಳು, ನಡುವೆ ಕಿರಿದಾದ ದಾರಿ. ಒಂದು ದಂಡೆಯ ಮೇಲೆ ‘ಸರೋಜಮ್ಮ’ ಎಂದಿದೆ, ಇನ್ನೊಂದರ ಮೇಲೆ ‘ಮೇಷ್ಟ್ರು’. ದಾರಿಯ ಬಾಯಲ್ಲಿ ಒಂದು ನಾಯಿ. ದಾರಿಯ ನಡುವೆ ಒಂದು ಕತ್ತರಿ ಗುರುತು, ಅದರ ಪಕ್ಕ ಸಣ್ಣ ಅಕ್ಷರದಲ್ಲಿ: ‘ಕೊನೆಗೆ ಕಂಡದ್ದು, ಗುರುವಾರ ಮಧ್ಯಾಹ್ನ.’ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ.

ಮೇಷ್ಟ್ರು ಎಂದರೆ ನಾನು. ಶೇಷಾದ್ರಿಪುರಂನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು. ದಿನಚರಿ ಬರೆಯುವ ಚಟವಿದೆ, ಬರೆದದ್ದನ್ನು ಮತ್ತೆ ಓದುವ ಅಭ್ಯಾಸವಿಲ್ಲ. ನೆನಪು ಹೇಗೂ ಇದೆಯಲ್ಲ ಎಂಬ ಧೈರ್ಯ. ಆ ಧೈರ್ಯದ ಗತಿ ಏನಾಯಿತು ಎನ್ನುವುದೇ ಈಗ ಹೇಳಹೊರಟಿರುವುದು.

ಮೊದಲು ಸಂದಿಯ ವಿಷಯ. ಚಾಮರಾಜಪೇಟೆಯ ಹಳೆಯ ಮನೆಗಳ ಹಿತ್ತಿಲುಗಳ ನಡುವೆ ಉದ್ದಕ್ಕೆ ಒಂದೊಂದು ಓಣಿ ಬಿಟ್ಟಿದ್ದಾರೆ. ಯಾವ ಕೆಲಸಕ್ಕಾಗಿ ಬಿಟ್ಟಿದ್ದರು, ಯಾರು ತಲೆಯ ಮೇಲೆ ಏನು ಹೊತ್ತು ಅಲ್ಲಿ ನಡೆಯುತ್ತಿದ್ದರು ಎಂಬುದನ್ನು ನಾವೆಲ್ಲ ಸೇರಿ ಅನುಕೂಲವಾಗಿ ಮರೆತಿದ್ದೇವೆ. ಈಗ ಅದು ಬರೀ ಸಂದಿ. ನಮ್ಮ ಹಿತ್ತಿಲ ಬಾಗಿಲು ತೆಗೆದರೆ ಎದುರಿಗೆ ಸರೋಜಮ್ಮನ ಹಿತ್ತಿಲ ಬಾಗಿಲು. ಸಂದಿಯ ಆ ತುದಿಯಲ್ಲಿ ಕಮಾಂಡರ್ ಮನೆ.

ಅವರು ಕಮಾಂಡರ್ ಆಗಿರಲೇ ಇಲ್ಲ. ನೌಕಾಪಡೆಯ ಹಡಗುಗಳಲ್ಲಿ ರೇಡಾರಿನ ಮುಂದೆ ಕೂತು ವರ್ಷಗಟ್ಟಲೆ ಚುಕ್ಕೆ ನೋಡಿದವರು. ಆದರೆ ನಮ್ಮ ಬೀದಿಗೆ ಸಮುದ್ರವೆಂದರೆ ಗೋಕರ್ಣದಲ್ಲಿ ಒಮ್ಮೆ ಕಾಲು ನೆನೆಸಿ ಬಂದದ್ದಷ್ಟೇ. ಹಾಗಾಗಿ ಬಿಳಿ ಸಮವಸ್ತ್ರದ ಫೋಟೋ ಗೋಡೆಗೆ ಹಾಕಿಕೊಂಡವರೆಲ್ಲ ನಮಗೆ ಕಮಾಂಡರೇ. ಅವರು ಎರಡು ಮೂರು ಸಲ ತಿದ್ದಿ, ಕೊನೆಗೆ ಸೋತು ಸುಮ್ಮನಾದರು.

ಸರೋಜಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಅವರ ಒಬ್ಬನೇ ಮಗ ರಾಘು ಸರಕು ಹಡಗಿನಲ್ಲಿ ಇಂಜಿನಿಯರ್ ಆಗಿದ್ದ. ಆರು ತಿಂಗಳು ನೀರಿನ ಮೇಲೆ, ಮೂರು ತಿಂಗಳು ನಮ್ಮ ಸಂದಿಯಲ್ಲಿ. ಕೆಂಪು ಸಮುದ್ರ ಬಂದಾಗಲೆಲ್ಲ ಅಮ್ಮನಿಗೆ ಫೋನ್ ಮಾಡಿ, “ಅಮ್ಮ, ಕೆಂಪಾಂಬುಧಿಲಿದೀನಿ” ಎನ್ನುತ್ತಿದ್ದನಂತೆ. ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ಕೆರೆ ಅದು. ಕೆಂಪೇಗೌಡರ ಮನೆತನದ ಹೆಸರಿನ ಕೆರೆಗೆ ಕೆಂಪು ಸಮುದ್ರ ಎಂದು ಅರ್ಥ ಹಚ್ಚಿದ್ದು ತಪ್ಪು ಎಂದು ನಾನು ಒಮ್ಮೆ ತಿದ್ದಲು ಹೋಗಿದ್ದೆ. “ಇರ್ಲಿ ಬಿಡಿ ಮೇಷ್ಟ್ರೇ, ಅಮ್ಮಂಗೆ ಹತ್ತಿರ ಅನ್ಸತ್ತೆ” ಎಂದಿದ್ದ ಅವನು. ಆ ಸಮುದ್ರದ ಬಾಯಲ್ಲಿರುವ ಜಲಸಂಧಿಯೂ ಹಾಗೆಯೇ ಅವರ ಮನೆಯಲ್ಲಿ ಸಂದಿಯಾಯಿತು. ‘ಧ’ಕಾರ ‘ದ’ಕಾರಗಳ ವ್ಯತ್ಯಾಸವನ್ನು ಎಷ್ಟೋ ಹುಡುಗರಿಗೆ ಕಲಿಸಿದ್ದ ನಾನೂ ಬರಬರುತ್ತಾ “ರಾಘು ಸಂದಿ ದಾಟಿದ್ನಾ?” ಎಂದೇ ಕೇಳತೊಡಗಿದೆ.

ಅಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಸರೋಜಮ್ಮ ಒಂದು ಪದ್ಧತಿ ಮಾಡಿಕೊಂಡರು. ಮಗನ ಹಡಗು ಆ ಕಡೆ ಹೊರಟಿತೆಂದರೆ ನಮ್ಮ ಸಂದಿ ಖಾಲಿಯಾಗಬೇಕು. ಹೂವಿನ ಕುಂಡ, ಬಟ್ಟೆ ಒಣಹಾಕುವ ಸ್ಟ್ಯಾಂಡು, ಒಡೆದ ಬಕೆಟ್ಟು ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತಿದ್ದರು. ಸಂಕೋಚದಿಂದಲೇ ನನ್ನ ಬಾಗಿಲಿಗೂ ಬಂದು, “ಅವನು ದಾಟೋವರೆಗೂ ಸ್ಕೂಟರ್ ಸ್ವಲ್ಪ ಮುಂದುಗಡೆ ನಿಲ್ಸಿ ಮೇಷ್ಟ್ರೇ” ಎನ್ನುತ್ತಿದ್ದರು. ವಿಚಾರವಂತನಾದ ನಾನು ನಗುತ್ತಾ ಸ್ಕೂಟರ್ ತೆಗೆಯುತ್ತಿದ್ದೆ. ಒಂದು ಸಲ ಮರೆತಾಗ, ಪೇಟೆಯಿಂದ ವಾಪಸು ಓಡಿಬಂದು ತೆಗೆದಿದ್ದೇನೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ತೆಗೆಯಲಾಗದೆ ಉಳಿದದ್ದು ನಾಯಿ ಮಾತ್ರ. ಬ್ರೌನಿ ಎಂದು ಹೆಸರು. ಯಾರದೂ ಅಲ್ಲ. ಸಂದಿಯ ಬಾಯಲ್ಲಿ ಮಲಗಿ ಹೋಗಿಬರುವವರಿಗೆ ಬೊಗಳುತ್ತಿತ್ತು. ಕಮಾಂಡರ್ ನಮಗೆ ಸಮುದ್ರದ ಯುದ್ಧನೀತಿಯನ್ನು ಕಲಿಸಿದ್ದು ಆ ನಾಯಿಯನ್ನು ಮುಂದಿಟ್ಟುಕೊಂಡೇ. ಒಂದು ಸಂಜೆ ಸರೋಜಮ್ಮನ ಹಿತ್ತಿಲ ಕಟ್ಟೆಯ ಮೇಲೆ ಕೂತು ಕ್ಯಾಲೆಂಡರಿನ ಹಾಳೆ ಹರಿದು ನಕ್ಷೆ ಬರೆದರು. ಇಷ್ಟೊಂದು ದೇಶಗಳ ಯುದ್ಧನೌಕೆಗಳು ಅಲ್ಲಿರುವಾಗ ಯಾರೋ ನಾಲ್ಕು ಜನ ದಡದಲ್ಲಿ ನಿಂತು ಡ್ರೋನ್ ಹಾರಿಸಿ ದಾರಿ ಕಟ್ಟುವುದು ಹೇಗೆ ಸಾಧ್ಯ ಎಂದು ನಾನು ಕೇಳಿದ್ದೆ.

“ಈ ಬ್ರೌನಿ ಇವತ್ತಿನವರೆಗೂ ಯಾರಿಗೂ ಕಚ್ಚಿಲ್ಲ. ಆದ್ರೂ ನೀವು ಮಾರ್ಕೆಟ್ಟಿಗೆ ಹೋಗೋವಾಗ ಮೇನ್ ರೋಡ್ ಸುತ್ಕೊಂಡು ಹೋಗ್ತೀರಿ, ನಾನು ನೋಡಿದೀನಿ” ಎಂದರು. “ಸಮುದ್ರ ಆಳೋದು ದೊಡ್ಡ ಕೆಲಸ ಮೇಷ್ಟ್ರೇ. ಇನ್ನೊಬ್ಬರು ಆಳದ ಹಾಗೆ ಮಾಡೋದು ನಾಯಿ ಕೆಲಸ.”

ದೊಡ್ಡ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿಕೊಂಡು ಹೋಗತೊಡಗಿದ್ದು ಹೀಗೆ ಎಂದು ವಿವರಿಸಿದರು. ಸುತ್ತದೆ ನೇರ ಹೋಗುವ ಹಡಗುಗಳೂ ಇದ್ದವು. ರಾಘುವಿನದು ಅಂಥದು. ಆ ಹಡಗಿನ ಮಾಲೀಕ ಒಂದು ದೇಶದವನು, ಮೇಲಿನ ಬಾವುಟ ಇನ್ನೊಂದು ದೇಶದ್ದು, ಸರಕು ಮತ್ತೊಬ್ಬರದು, ಒಳಗಿರುವ ಮಕ್ಕಳು ನಮ್ಮಂಥವರ ಮನೆಯವರು. ಇದನ್ನೆಲ್ಲ ಕೇಳಿದ ಸರೋಜಮ್ಮ ಹೊಲಿಗೆ ನಿಲ್ಲಿಸಿ, ಹಾಗಾದರೆ ಕಾಯುವವರು ಯಾರು ಎಂದು ಕೇಳಿದರು. ಕಮಾಂಡರ್, “ಹತ್ತಿರ ಯಾರಿರ್ತಾರೋ ಅವರು, ಸರೋಜಮ್ಮ” ಎಂದರು.

ಸರೋಜಮ್ಮನ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟವರೂ ಕಮಾಂಡರೇ. ಹಡಗು ತನ್ನ ಹೆಸರನ್ನೂ ತಾನಿರುವ ಜಾಗವನ್ನೂ, ಬೀದಿಯಲ್ಲಿ ಸೊಪ್ಪಿನವಳು ಕೂಗುವ ಹಾಗೆ, ಸದಾ ಸಾರುತ್ತಾ ಹೋಗುತ್ತದಂತೆ. ಬೇರೆ ಹಡಗು ಬಂದು ಗುದ್ದದಿರಲಿ ಎಂದು ಮಾಡಿದ ಏರ್ಪಾಡು. ಹೊಡೆಯಬೇಕೆಂದಿರುವವನಿಗೂ ಆ ಕೂಗು ಕೇಳಿಸುತ್ತದೆ. ಆದ್ದರಿಂದ ಅಪಾಯದ ಜಾಗದಲ್ಲಿ ಕೆಲವರು ಕೂಗುವುದನ್ನೇ ನಿಲ್ಲಿಸಿ, ಕತ್ತಲಲ್ಲಿ ನಡೆದಂತೆ ದಾಟಿಬಿಡುತ್ತಾರೆ. ಹೀಗೆ ರಾಘು ಅಮ್ಮನ ಹೊಲಿಗೆ ಮೆಷಿನ್ನಿನ ಮೇಲೆ ಒಂದು ಹಸಿರು ಚುಕ್ಕೆಯಾದ. ಅವರು ಒಂದು ಕೊಕ್ಕೆ ಹಾಕುವುದು, ಒಮ್ಮೆ ಚುಕ್ಕೆ ನೋಡುವುದು.

ಎರಡು ವರ್ಷದ ಹಿಂದೆ ಒಂದು ಗುರುವಾರ ಆ ಚುಕ್ಕೆ ನಿಂತಿತು.

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅಥವಾ ಹೋದ ಭಾನುವಾರದವರೆಗೆ ನೆನಪಿತ್ತು. ಹಿತ್ತಿಲ ಕಟ್ಟೆಯ ಮೇಲೆ ನಾವು ಮೂವರೂ ಇದ್ದೆವು. ಸಂದಿ ಗುಡಿಸಿದಂತೆ ಖಾಲಿ. ಸರೋಜಮ್ಮ ಫೋನನ್ನು ಒಮ್ಮೆ ಕಮಾಂಡರ್ ಅವರತ್ತ, ಒಮ್ಮೆ ನನ್ನತ್ತ ಹಿಡಿಯುತ್ತಿದ್ದರು. ಕಮಾಂಡರ್ ಕಾಫಿ ಲೋಟ ಕೆಳಗಿಟ್ಟು, ಆ ಗಡಸು ದನಿಯಲ್ಲಿ ಹೇಳಿದರು: “ಸಿಗ್ನಲ್ ಆರಿಸ್ಕೊಂಡು ಹೋಗ್ತಿದಾರೆ, ಅಷ್ಟೇ. ಎರಡು ಮೂರು ದಿನ ಅವನ ಫೋನೂ ಬರಲ್ಲ. ಬೇರೆ ನಂಬರಿಂದ ಬಂದ್ರೆ ಎತ್ತಬೇಡಿ. ಇಂಥ ಹೊತ್ತಲ್ಲೇ ಮೋಸ ಮಾಡೋರು ಕಾಯ್ತಿರ್ತಾರೆ.” ಹಿಂದಿನ ವಾರವಷ್ಟೇ ನಮ್ಮ ಬೀದಿಯ ಒಬ್ಬರಿಗೆ ಪೊಲೀಸರೆಂದು ಹೇಳಿಕೊಂಡು ಯಾರೋ ಫೋನಿನಲ್ಲೇ ಹೆದರಿಸಿದ್ದರು. ಮಾತು ಸರಿ ಅನ್ನಿಸಿತು. ಸರೋಜಮ್ಮನ ಮುಖ ಸಡಿಲವಾಯಿತು.

ಶುಕ್ರವಾರ ಬೆಳಿಗ್ಗೆ ಉದ್ದನೆಯ ಪರದೇಶದ ನಂಬರಿನಿಂದ ಅವರಿಗೆ ಮೂರು ಸಲ ಫೋನ್ ಬಂತು. ಮೂರು ಸಲವೂ ಕಟ್ ಮಾಡಿದರು. ಶನಿವಾರ ಕಂಪನಿಯವರು ಮಾಡಿದ ಫೋನು ನಮ್ಮ ದೇಶದ ನಂಬರಿನದು. ಅದನ್ನು ಎತ್ತಿದರು.

ತಿಂಗಳು ಕಳೆದ ಮೇಲೆ ಅದೇ ಹಡಗಿನ ಹುಡುಗನೊಬ್ಬ ರಾಘುವಿನ ಬ್ಯಾಗು ತಂದುಕೊಟ್ಟು ನಡೆದದ್ದನ್ನು ಹೇಳಿದ. ಏಟು ಬಿದ್ದದ್ದು ಇಂಜಿನ್ ಕೋಣೆಗೆ. ಹತ್ತಿರವಿದ್ದ ಯಾವುದೋ ದೇಶದ ಯುದ್ಧನೌಕೆ ಬಂದು ಮುಟ್ಟುವ ಹೊತ್ತಿಗೆ ಅರ್ಧ ದಿನವಾಗಿತ್ತು. ರಾಘುವಿಗೆ ಮೈಯೆಲ್ಲ ಸುಟ್ಟಿದ್ದರೂ ಎಚ್ಚರವಿತ್ತಂತೆ. ಅಲ್ಲಿಯವರು ತಮ್ಮ ಸ್ಯಾಟಲೈಟ್ ಫೋನ್ ಕಿವಿಗೆ ಹಿಡಿದರಂತೆ. “ಮೂರು ಸಲ ಟ್ರೈ ಮಾಡಿದ ಆಂಟಿ. ಅಮ್ಮ ಪೂಜೇಲಿರ್ತಾಳೆ, ಆಮೇಲ್ ಮಾಡೋಣ ಅಂದ” ಎಂದ ಆ ಹುಡುಗ. ಆಮೇಲೆ ಎಂಬುದು ಇರಲಿಲ್ಲ. ಸರೋಜಮ್ಮ ಅಳಲಿಲ್ಲ. ಮೆಷಿನ್ನಿನ ಚಕ್ರಕ್ಕೆ ಕೈಯಿಟ್ಟು ದಾರವಿಲ್ಲದೆ ತಿರುಗಿಸುತ್ತಾ ಕೂತರು.

ಅತ್ತವನು ನಾನು. ಅತ್ತು ಮುಗಿದ ಮೇಲೆ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದೆ: ನೇವಿಯಲ್ಲಿದ್ದವರು, ಎಲ್ಲ ಬಲ್ಲವರು, ಎತ್ತಬೇಡಿ ಅಂತ ಅವರೇ ಹೇಳಿಬಿಟ್ಟರು ನೋಡಿ. ಮಾತು ತುದಿಮನೆಗೆ ಮುಟ್ಟಿತೆಂದು ಕಾಣುತ್ತದೆ. ಕಮಾಂಡರ್ ಕಟ್ಟೆಗೆ ಬರುವುದನ್ನು ನಿಲ್ಲಿಸಿದರು. ಅದನ್ನೂ ನಾನು ತಪ್ಪೊಪ್ಪಿಗೆ ಎಂದೇ ಓದಿಕೊಂಡೆ. ಅವರು ಎದುರಾಗದಿರಲಿ ಎಂದು ಸಂದಿಯನ್ನು ಬಿಟ್ಟು ಮೇನ್ ರೋಡ್ ಸುತ್ತಿ ಓಡಾಡಿದೆ. ಹೋದ ಆಷಾಢದಲ್ಲಿ ಅವರು ತೀರಿಕೊಂಡಾಗ ಗೇಟಿನ ಹೊರಗೆ ಚಪ್ಪಲಿ ಬಿಡದೆ ಹತ್ತು ನಿಮಿಷ ನಿಂತು ಬಂದೆ.

ಆ ನಕ್ಷೆಯ ಗುರುವಾರ ಯಾವ ತಾರೀಖು ಎಂದು ನೋಡುವ ಕುತೂಹಲಕ್ಕೆ ಭಾನುವಾರ ಮಧ್ಯಾಹ್ನ ಹಳೆಯ ದಿನಚರಿ ತೆಗೆದೆ. ನನ್ನದೇ ಅಕ್ಷರ, ನೀಲಿ ಶಾಯಿ: ‘ಸಂಜೆ ಸರೋಜಮ್ಮನ ಮನೆ. ರಾಘುವಿನ ಹಡಗು ಕಾಣುತ್ತಿಲ್ಲ. ಕಮಾಂಡರ್ ಏನೂ ಮಾತಾಡಲಿಲ್ಲ. ಆರಿಸಿಕೊಂಡು ಹೋಗುತ್ತಿರಬೇಕು, ಬೇರೆ ನಂಬರ್ ಬಂದರೆ ಎತ್ತಬೇಡಿ ಎಂದು ಧೈರ್ಯ ಹೇಳಿದೆ.’

ಹೇಳಿದೆ. ವ್ಯಾಕರಣದ ಮೇಷ್ಟ್ರು ಮೊದಲು ಏನು ಮಾಡಿದ ಗೊತ್ತೇ? ‘ಹೇಳಿದೆ’ ಎಂಬುದು ಉತ್ತಮ ಪುರುಷವೇ ಆಗಬೇಕೆಂದಿಲ್ಲವಲ್ಲ ಎಂದು ಯೋಚಿಸಿದ. ಪತ್ರಿಕೆ ಹೇಳಿದೆ, ಸರ್ಕಾರ ಹೇಳಿದೆ, ಅದು ಹೇಳಿದೆ. ಬೇಕಾದರೆ ಕೈ ಜಾರಿ ‘ದರು’ ಎನ್ನುವುದು ‘ದೆ’ ಆಗಿರಬಹುದು. ಅರ್ಧ ಗಂಟೆ ಆ ಒಂದು ಅಕ್ಷರದೊಳಗೆ ಅಡಗಿಕೊಳ್ಳಲು ಜಾಗ ಹುಡುಕಿದೆ. ಹಿಂದಿನ ವಾಕ್ಯ ಬಿಡಲಿಲ್ಲ. ಕಮಾಂಡರ್ ಏನೂ ಮಾತಾಡಲಿಲ್ಲ.

ಮರುದಿನದ ಪುಟ ಇನ್ನೂ ಚಿಕ್ಕದು: ‘ಯಾವುದೋ ನಂಬರಿನಿಂದ ಮೂರು ಸಲ ಬಂತಂತೆ. ಕಟ್ ಮಾಡಿದರಂತೆ. ಸರೋಜಮ್ಮ ಜಾಣರಾಗಿದ್ದಾರೆ.’

ದಿನಚರಿಯನ್ನೂ ನಾನು ಸುಲಭವಾಗಿ ನಂಬುವವನಲ್ಲ. ಅದನ್ನು ಬರೆಯುವವನೂ ಇದೇ ಮನುಷ್ಯ. ಆದರೆ ಆ ಗುರುವಾರ ಬರೆದವನಿಗೆ ಸುಳ್ಳು ಹೇಳುವ ಕಾರಣವಿರಲಿಲ್ಲ. ಅವನು ಜಂಬ ಕೊಚ್ಚಿಕೊಳ್ಳುತ್ತಿದ್ದ. ಗೊತ್ತಿದ್ದವರು ಸುಮ್ಮನಿದ್ದರು, ಗೊತ್ತಿಲ್ಲದವನು ಧೈರ್ಯ ಹೇಳಿದ. ಚುಕ್ಕೆ ನಿಲ್ಲುವುದಕ್ಕೆ ಇನ್ನೂ ಒಂದು ಕಾರಣವಿರುತ್ತದೆ ಎಂದು ಗೊತ್ತಿದ್ದವರು ಮನೆಗೆ ಹೋಗಿ ಕತ್ತರಿ ಗುರುತು ಹಾಕಿ, ಪಕ್ಕದಲ್ಲಿ ಪ್ರಶ್ನೆ ಬರೆದುಕೊಂಡರು. ಆಮೇಲೆ ನನ್ನ ಮಾತನ್ನು ತಮ್ಮ ದನಿಯಲ್ಲಿ ಹೊತ್ತುಕೊಂಡು ಸತ್ತರು.

ಮೂರು ದಿನ ಬಿಟ್ಟು ಹಿತ್ತಿಲ ಬಾಗಿಲು ತೆಗೆದೆ. ಸಂದಿಯಲ್ಲಿ ಈಗ ಏನು ಬೇಕಾದರೂ ಬಿದ್ದಿರುತ್ತದೆ. ಮುರಿದ ಕುರ್ಚಿ, ಯಾರದೋ ಸಿಮೆಂಟ್ ಚೀಲ. ಬ್ರೌನಿಯೂ ಇಲ್ಲ. ದಾಟಿಕೊಂಡು ಹೋದೆ. ಸರೋಜಮ್ಮ ಫೋನಿನಲ್ಲಿದ್ದರು. ಯಾರೋ ಸಾಲ ಬೇಕೇ ಎಂದು ಕೇಳುತ್ತಿದ್ದ. ಅವರು ಈಗ ಯಾವ ನಂಬರು ಬಂದರೂ ಎತ್ತುತ್ತಾರೆ, ಯಾವುದನ್ನೂ ಕಟ್ ಮಾಡುವುದಿಲ್ಲ. ಬೀದಿಯಲ್ಲಿ ಇದನ್ನು ಹುಚ್ಚು ಎನ್ನುವವರಿದ್ದಾರೆ. ಆ ಕಡೆಯವನೇ ಸಾಕಾಗಿ ಇಟ್ಟ ಮೇಲೆ ನನ್ನತ್ತ ತಿರುಗಿದರು.

ದಿನಚರಿ ಕೈಯಲ್ಲಿತ್ತು. ತೆರೆಯುವ ಮೊದಲೇ ಹೇಳಿಬಿಟ್ಟೆ, ಎತ್ತಬೇಡಿ ಎಂದದ್ದು ಕಮಾಂಡರ್ ಅಲ್ಲ, ನಾನು ಎಂದು.

“ಗೊತ್ತು” ಎಂದರು.

ಅವರೇ ಸೂಜಿಗೆ ದಾರ ಪೋಣಿಸುತ್ತಾ ಮುಂದುವರಿಸಿದರು. “ನೀವು ಅವರ ಮೇಲೆ ಹೇಳ್ಕೊಂಡು ಓಡಾಡಿದ್ರಿ. ನಾನು ಸುಮ್ನಿದ್ದೆ. ನಿಮ್ಮ ಮುಖ ದಿನಾ ಬೆಳಗಾದ್ರೆ ನೋಡ್ಬೇಕು ಮೇಷ್ಟ್ರೇ, ಬಾಗ್ಲು ತೆಗುದ್ರೆ ನೀವೇ. ಅವರ ಮನೆ ಆ ತುದೀಲಿತ್ತು.”

“ಅವರಿಗೆ ಗೊತ್ತಿತ್ತಾ, ನಿಮಗೆ ಗೊತ್ತು ಅಂತ?”

“ಒಂದ್ಸಲ ಬಂದಿದ್ರು. ಇಲ್ಲೇ ನಿಂತಿದ್ರು. ಕೂತ್ಕೊಳ್ಳಿ ಅನ್ಲಿಲ್ಲ ನಾನು.” ದಾರ ಸೂಜಿಯ ಕಣ್ಣು ತಪ್ಪಿತು. “ನೀವ್ ಹೇಳಿದ್ರಿ, ಸರಿ. ಕಟ್ ಮಾಡಿದ್ದು ಈ ಕೈ ಅಲ್ವಾ.”

ಧೈರ್ಯ ಹೇಳುವ ಅಭ್ಯಾಸ ಇನ್ನೂ ನಾಲಿಗೆಯ ತುದಿಯಲ್ಲಿತ್ತು. ತಡೆದುಕೊಂಡೆ. ಕಮಾಂಡರ್ ಕೂರುತ್ತಿದ್ದ ಜಾಗ ಬಿಟ್ಟು ಕಟ್ಟೆಯ ಮೇಲೆ ಕೂತೆ.

ಮೆಷಿನ್ನಿನ ಮೇಲೆ ಫೋನು ಮತ್ತೆ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಸರೋಜಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಎತ್ತಿದರು.

“ಹೇಳಪ್ಪ” ಎಂದರು.

ಆ ಕಡೆಯಿಂದ ಒಬ್ಬ ಹುಡುಗ ಯಾವುದೋ ಕ್ರೆಡಿಟ್ ಕಾರ್ಡಿನ ಬಗ್ಗೆ ಒಂದೇ ಉಸಿರಿನಲ್ಲಿ ಹೇಳತೊಡಗಿದ. ಅವನು ಮುಗಿಸುವವರೆಗೂ ಅವರು ಕೇಳಿದರು. ನಾನೂ ಕೇಳಿದೆ.