ಹೊಸ್ತಿಲಿನ ಎತ್ತರ

ಆಕ್ಲೆಂಡಿನ ಒನೆಹುಂಗಾ ಬಡಾವಣೆಯ ತಿಪ್ಪೇಸ್ವಾಮಿಯವರು ಈಗ ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಹೊಸ್ತಿಲಿನ ಎತ್ತರವನ್ನು. ಹಿತ್ತಿಲಲ್ಲಿ ಒಂದು ಕೋಣೆ ಕಟ್ಟಿಸಲು ಅರ್ಜಿ ಹಾಕಿದಾಗ, ಮನೆ ನೆರೆ ಬರುವ ಜಾಗದಲ್ಲಿದೆ, ನೆಲದ ಎತ್ತರಕ್ಕೆ ಸರ್ವೇಯರ್ ಸರ್ಟಿಫಿಕೇಟ್ ತನ್ನಿ ಎಂದು ಕೌನ್ಸಿಲ್‌ನವರು ಹೇಳಿದಂದಿನಿಂದ ಈ ಚಾಳಿ. "ಸಮುದ್ರಮಟ್ಟದಿಂದ ಅಳೀಬೇಕಂತೆ. ಆಕ್ಲೆಂಡಿಗೆ ಎರಡೂ ಕಡೆ ಸಮುದ್ರ ಐತಲ್ಲಪ್ಪ, ಯಾವುದರಿಂದ ಅಳೆಯೋದು?" ಎಂದು ಹುಟ್ಟುಹಬ್ಬದ ಕೇಕಿನ ಮುಂದೆಯೂ ಕೇಳುತ್ತಾರೆ. ನೆಲ ಯಾವ ಕಡೆ ಇಳಿದಿದೆ ಎಂದು ನೋಡಲು ಅಡುಗೆಮನೆಯಲ್ಲಿ ನಿಂಬೆಹಣ್ಣು ಉರುಳಿಸಿ, ಅದು ಫ್ರಿಜ್ ಕಡೆಗೆ ಹೋದರೆ ಒಂದು ದಿನ, ಬಾಗಿಲ ಕಡೆಗೆ ಹೋದರೆ ಎರಡು ದಿನ ಮಂಕಾಗಿರುತ್ತಾರೆ. "ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದೋರು, ನಿಮಗೇ ತಿಳಿಯಲ್ವೇನ್ರೀ?" ಎಂದು ಹೆಂಡತಿ ಕಮಲಾ ರೇಗಿದರೆ, "ತಿಳಿದಿರೋದಕ್ಕೇ ತಲೆ ಕೆಟ್ಟಿರೋದು ಕಣೇ" ಎನ್ನುತ್ತಾರೆ. ಕೊನೆಗೆ ಪಕ್ಕದ ಪೆನ್‌ರೋಸ್ ಬಡಾವಣೆಯ ಸರ್ವೇ ಆಫೀಸಿನಿಂದ ಸಂಯುಕ್ತಾ ಎಂಬ ಕನ್ನಡದ ಸರ್ವೇಯರ್ ಹುಡುಗಿಯೇ ಬಂದಳು. ಮೂರು ಕಾಲಿನ ಯಂತ್ರ ಊರಿ, ಕಣ್ಣು ಕಿರಿದು ಮಾಡಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ನೆರೆಮಟ್ಟದ ಗೆರೆ ಎಳೆದು ಪಕ್ಕದಲ್ಲಿ ಅಂಕಿ ಬರೆದಳು. "ನೀರು ಇಲ್ಲೀಗಂಟ ಬರ್ತೈತೇನಮ್ಮಾ?" ಎಂದರು ತಿಪ್ಪೇಸ್ವಾಮಿ. "ಅದು ಬರೀ ನಂಬರ್ ಅಂಕಲ್, ಗಾಬರಿಯಾಗ್ಬೇಡಿ" ಎಂದಳು. ಮೂವತ್ತು ವರ್ಷಗಳ ಹಿಂದೆ, ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಲಿದ್ದ ಹಳ್ಳಿಯೊಂದರಲ್ಲಿ ತಿಪ್ಪೇಸ್ವಾಮಿ ಮನೆಮನೆಯ ಗೋಡೆಗೆ ಇಂಥದೇ ಗೆರೆ ಎಳೆಯುತ್ತಿದ್ದಾಗ, ಅಜ್ಜಿಯೊಬ್ಬಳು ಇದನ್ನೇ ಕೇಳಿದ್ದಳು, ಅವರೂ ಇದನ್ನೇ ಹೇಳಿದ್ದರು. ಅಂದು ಅವರು ಎಳೆದ ಗೆರೆ ಅಜ್ಜಿಯ ತಲೆಗಿಂತ ಎರಡು ಮೊಳ ಮೇಲಿತ್ತು.